ಧರೆ ಬೆವರುವುದನ್ನು ನಿಯಮವಾಗಿ ಬರೆಯುವುದು: ಕಟ್ಟಡ ನಿರ್ಮಾಣದಲ್ಲಿ ತಜ್ಞ ವ್ಯವಸ್ಥೆಗಳು

(ಉಡುಪಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಹಾಗೂ ಸೈಟ್ ಎಂಜಿನಿಯರುಗಳ ಮುಂದೆ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ನಿಮ್ಮಲ್ಲಿ ಅನೇಕರು ಪ್ರತಿ ಮೇ ತಿಂಗಳ ಕೊನೆಯಲ್ಲಿ ಎದುರಿಸುವ ಒಂದು ಸನ್ನಿವೇಶದಿಂದ ಆರಂಭಿಸುತ್ತೇನೆ. ಯಕ್ಷಗಾನದ ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಕಳೆದು ಎರಡು ದಿನವಾಗಿದೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ಮನೆ ಸೇರಿವೆ. ಮಣಿಪಾಲದ ಇಳಿಜಾರಿನಲ್ಲಿ ಒಂದು ಮನೆಯ ಮೊದಲ ಸ್ಲ್ಯಾಬಿಗೆ ಸೆಂಟ್ರಿಂಗ್, ಅಂದರೆ ಕಾಂಕ್ರೀಟನ್ನು ಹೊರುವ ತಾತ್ಕಾಲಿಕ ಅಚ್ಚು, ಮುಗಿದು, ಕಬ್ಬಿಣ ಕಟ್ಟಿ, ಕಾಂಕ್ರೀಟಿಗೆ ಹೇಳಿಯೂ ಆಗಿದೆ. ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಪಶ್ಚಿಮದಲ್ಲಿ ಕಡಲ ಮೇಲೆ ಮೋಡ ಕಟ್ಟತೊಡಗುತ್ತದೆ. ಈಗ ಕಾಂಕ್ರೀಟ್ ಹಾಕಬೇಕೇ, ನಾಳೆಗೆ ಮುಂದೂಡಬೇಕೇ?

ಕೆಲಸಕ್ಕೆ ಸೇರಿ ಎರಡು ವರ್ಷವಾದ ಎಂಜಿನಿಯರ್ ಆ ಕ್ಷಣದಲ್ಲಿ ಯಾರಿಗಾದರೂ ಫೋನ್ ಮಾಡುತ್ತಾನೆ. ಮೂವತ್ತು ವರ್ಷ ಸ್ಲ್ಯಾಬ್ ಹಾಕಿಸಿದ ಮೇಸ್ತ್ರಿಯಾದರೋ ಒಮ್ಮೆ ಆಕಾಶವನ್ನು, ಒಮ್ಮೆ ಮೂಲೆಯಲ್ಲಿ ಮಡಿಸಿಟ್ಟ ಟಾರ್ಪಾಲನ್ನು, ಒಮ್ಮೆ ಜನರ ಸಂಖ್ಯೆಯನ್ನು ನೋಡಿ ಅರ್ಧ ನಿಮಿಷದಲ್ಲಿ ತೀರ್ಮಾನ ಹೇಳುತ್ತಾನೆ. ಮಳೆ ಬಂದರೆ ಎಷ್ಟು ಭಾಗ ಮುಚ್ಚಬಹುದು, ನಡುವೆ ನಿಲ್ಲಿಸಲೇಬೇಕಾಗಿ ಬಂದರೆ ಶಿಯರ್ (ಕತ್ತರಿಸುವ ಬಲ) ಕಡಿಮೆ ಇರುವ ಜಾಗಕ್ಕೆ ತಲುಪಲು ಇನ್ನೆಷ್ಟು ಹೊತ್ತು ಬೇಕು, ಕತ್ತಲಾಗುವುದರೊಳಗೆ ಮುಗಿದೀತೇ ಎಂಬ ಹತ್ತು ಹನ್ನೆರಡು ಲೆಕ್ಕಗಳು ಆ ಅರ್ಧ ನಿಮಿಷದೊಳಗಿವೆ. ಅವನ್ನು ಹೊರಗೆ ತೆಗೆದು, ಇನ್ನೊಬ್ಬರು ಓದಿ ಪರೀಕ್ಷಿಸಬಹುದಾದ ರೂಪದಲ್ಲಿ ಬರೆಯಲು ಸಾಧ್ಯವೇ ಎಂಬುದೇ ಇಂದಿನ ನನ್ನ ವಿಷಯ. ಕಂಪ್ಯೂಟರ್ ಶಾಸ್ತ್ರದಲ್ಲಿ ಈ ಪ್ರಯತ್ನಕ್ಕೆ ಎಕ್ಸ್‌ಪರ್ಟ್ ಸಿಸ್ಟಮ್ ಎಂದು ಹೆಸರು. ನಾನು ತಜ್ಞ ವ್ಯವಸ್ಥೆ ಎನ್ನುತ್ತೇನೆ.

ಇದರ ರಚನೆ ಸರಳವಾದುದು. ಒಂದು ಕಡೆ ನಿಯಮಗಳ ಸಂಗ್ರಹವಿರುತ್ತದೆ: ಹೀಗಿದ್ದರೆ ಹೀಗೆ ಮಾಡು ಎಂಬ ರೂಪದ ವಾಕ್ಯಗಳು. ಇನ್ನೊಂದು ಕಡೆ ಈ ದಿನ, ಈ ಸೈಟಿನ ಸಂಗತಿಗಳಿರುತ್ತವೆ. ಇವೆರಡನ್ನೂ ಹೊಂದಿಸಿ ತೀರ್ಮಾನಕ್ಕೆ ಬರುವ ತರ್ಕದ ಭಾಗ ನಡುವೆ ಇರುತ್ತದೆ. ನಿಯಮಗಳು ಬೇರೆ, ತರ್ಕ ಬೇರೆ ಎಂಬ ಈ ವಿಂಗಡಣೆಯೇ ಮುಖ್ಯವಾದುದು, ಏಕೆಂದರೆ ಅದರಿಂದಾಗಿ ಪ್ರೋಗ್ರಾಮ್ ಬರೆಯಲು ಬಾರದವರೂ ನಿಯಮವನ್ನು ಓದಿ ಇದು ತಪ್ಪು ಎಂದು ಹೇಳಬಹುದು.

ಇತಿಹಾಸವನ್ನು ಬೇಗ ಮುಗಿಸುತ್ತೇನೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1965ರಲ್ಲಿ ಆರಂಭವಾದ ಡೆಂಡ್ರಲ್ ಎಂಬ ವ್ಯವಸ್ಥೆ ರಾಸಾಯನಿಕ ಅಣುಗಳ ರಚನೆಯನ್ನು ಊಹಿಸುತ್ತಿತ್ತು. 1970ರ ದಶಕದಲ್ಲಿ ಅಲ್ಲಿಯೇ ಬಂದ ಮೈಸಿನ್, ರಕ್ತದ ಸೋಂಕುಗಳಿಗೆ ಯಾವ ಔಷಧಿ ಕೊಡಬೇಕೆಂದು ಐದಾರು ನೂರು ನಿಯಮಗಳ ಆಧಾರದಿಂದ ಸಲಹೆ ಕೊಡುತ್ತಿತ್ತು. ನಮ್ಮ ಕ್ಷೇತ್ರಕ್ಕೆ ಈ ವಿದ್ಯೆ ಬಂದದ್ದು ಮೈಸಿನ್‌ನ ಮನೆಯಿಂದಲೇ. ಅದರ ವೈದ್ಯಕೀಯ ನಿಯಮಗಳನ್ನೆಲ್ಲ ತೆಗೆದು ಬರಿಯ ತರ್ಕದ ಚೌಕಟ್ಟನ್ನು ಉಳಿಸಿಕೊಂಡು, ಅದರೊಳಗೆ ಸ್ಟ್ರಕ್ಚರಲ್ ಅನಾಲಿಸಿಸ್‌ನ ನಿಯಮಗಳನ್ನು ತುಂಬಿ 1978ರ ಹೊತ್ತಿಗೆ ಸೇಕಾನ್ ಎಂಬ ವ್ಯವಸ್ಥೆಯನ್ನು ರಚಿಸಿದರು. 1980ರ ದಶಕದಲ್ಲಿ ಕಾರ್ನೆಗಿ ಮೆಲನ್‌ನಲ್ಲಿ ಎತ್ತರದ ಕಟ್ಟಡಗಳ ಪ್ರಾಥಮಿಕ ವಿನ್ಯಾಸಕ್ಕಾಗಿ ಹೈರೈಸ್, ಕಟ್ಟಡದ ಭಾಗಗಳ ವಿವರದಿಂದಲೇ ಕೆಲಸಗಳ ಪಟ್ಟಿ, ಅವಧಿ, ಕ್ರಮಗಳನ್ನು ಹೆಣೆಯುವ ಪ್ಲಾನೆಕ್ಸ್ ಎಂಬ ವ್ಯವಸ್ಥೆಗಳು ಬಂದವು.

ಇವುಗಳಲ್ಲಿ ಒಂದರ ಬಳಿ ನಾವು ಸ್ವಲ್ಪ ನಿಲ್ಲಬೇಕು. ರೇಮಂಡ್ ಲೆವಿಟ್ ಮತ್ತು ಜಾನ್ ಕುಂಜ್ ಎಂಬವರು 1985ರಲ್ಲಿ ವಿವರಿಸಿದ ಪ್ಲಾಟ್‌ಫಾರ್ಮ್ ಎಂಬ ವ್ಯವಸ್ಥೆ, ಸಮುದ್ರದಲ್ಲಿ ತೈಲ ತೆಗೆಯುವ ವೇದಿಕೆಗಳ ನಿರ್ಮಾಣದ ವೇಳಾಪಟ್ಟಿಯನ್ನು ಪರಿಷ್ಕರಿಸಲು ಮಾಡಿದ್ದು. ನಮ್ಮ ಸಾಮಾನ್ಯ ವೇಳಾಪಟ್ಟಿಯಲ್ಲಿ ಒಂದು ಕೆಲಸ ಐದು ದಿನ ತಡವಾದರೆ ಅದರ ಮುಂದಿನ ಕೆಲಸಗಳೆಲ್ಲ ಐದು ದಿನ ಮುಂದೆ ಸರಿಯುತ್ತವೆ, ಅಷ್ಟೇ. ಅನುಭವಿ ಮ್ಯಾನೇಜರ್ ಹಾಗೆ ಯೋಚಿಸುವುದಿಲ್ಲ. ಈ ಮೂರು ಕೆಲಸಗಳು ತಡವಾದದ್ದು ಏಕೆ, ಮೂರರಲ್ಲಿಯೂ ಸಾಮಾನ್ಯವಾಗಿರುವ ಕಾರಣ ಯಾವುದು, ಮುಂದಿನ ಯಾವ ಕೆಲಸಗಳಲ್ಲಿ ಅದೇ ಕಾರಣ ಕಾದು ಕುಳಿತಿದೆ ಎಂದು ಅವನು ಹುಡುಕುತ್ತಾನೆ. ಪ್ಲಾಟ್‌ಫಾರ್ಮ್ ಇದನ್ನೇ ನಿಯಮವಾಗಿಸಿತು. ಕೆಲಸಗಳನ್ನು ಪದೇಪದೇ ತಡಮಾಡುವ ಅಂಶಗಳನ್ನು ಖಳರೆಂದೂ, ಬೇಗ ಮುಗಿಸುವ ಅಂಶಗಳನ್ನು ವೀರರೆಂದೂ ಗುರುತಿಸಿ, ಅವುಗಳ ನೆರಳು ಬೀಳುವ ಮುಂದಿನ ಕೆಲಸಗಳ ಅವಧಿಯನ್ನು ಅದು ಬದಲಿಸುತ್ತಿತ್ತು. ವೀರನ ಕಿರೀಟವೇಷ ಯಾವುದು, ರಾಕ್ಷಸನ ಬಣ್ಣದ ವೇಷ ಯಾವುದು ಎಂದು ರಂಗಸ್ಥಳಕ್ಕೆ ಬರುವ ಮೊದಲೇ ಗುರುತಿಸಬಲ್ಲ ಈ ಊರಿನ ಪ್ರೇಕ್ಷಕರಿಗೆ ಇದು ಹೊಸ ವಿದ್ಯೆಯಲ್ಲ. ನಿಮ್ಮ ಸೈಟಿನಲ್ಲಿ ಪಂಚಾಂಗದ (ತಳಪಾಯದ) ಕೆಲಸ ಒಂದು ವಾರ ತಡವಾಯಿತೆನ್ನಿ. ಕಾರಣ ಜೆಸಿಬಿ ಕೆಟ್ಟದ್ದಾದರೆ ಗೋಡೆಯ ಕೆಲಸಕ್ಕೆ ಅದರಿಂದ ತೊಂದರೆಯಿಲ್ಲ. ಕಾರಣ ಕೆಂಪುಕಲ್ಲಿನ ಲಾರಿ ಬಾರದಿದ್ದದ್ದಾದರೆ ಗೋಡೆ, ಪ್ಯಾರಪೆಟ್, ಕಂಪೌಂಡ್ ಎಲ್ಲವೂ ತಡವಾಗುತ್ತವೆ ಎಂಬುದನ್ನು ಇಂದೇ ಹೇಳಬಹುದು. ಎರಡೂ ಸಂದರ್ಭಗಳಲ್ಲಿ ಕಾಗದದ ಮೇಲೆ ಕಾಣುವುದು ಒಂದು ವಾರದ ತಡ ಮಾತ್ರ.

ಈಗ ನಿಯಮವೊಂದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನಿಮಗೆಲ್ಲ ಗೊತ್ತಿರುವ ಐಎಸ್ 456ರ, ಅಂದರೆ ಕಾಂಕ್ರೀಟ್ ಕೆಲಸದ ಭಾರತೀಯ ಕೋಡಿನ, ಮೂಲಕ ನೋಡೋಣ. ಸ್ಲ್ಯಾಬಿನ ಅಡಿಯ ಆಧಾರದ ಕಂಬಗಳನ್ನು ಹತ್ತನೆಯ ದಿನ ತೆಗೆಯಬಹುದೇ ಎಂದು ಒಬ್ಬರು ಕೇಳುತ್ತಾರೆ. ವ್ಯವಸ್ಥೆ ಪ್ರಶ್ನೆಯಿಂದ ಹಿಂದಕ್ಕೆ ನಡೆಯುತ್ತದೆ: ಇದು ಸ್ಲ್ಯಾಬೋ ತೊಲೆಯೋ, ಸ್ಪ್ಯಾನ್ (ಆಧಾರಗಳ ನಡುವಿನ ಅಂತರ) ಎಷ್ಟು, ಸಿಮೆಂಟ್ ಯಾವುದು, ಉಷ್ಣತೆ ಎಷ್ಟಕ್ಕೆ ಇಳಿದಿತ್ತು? ಸ್ಲ್ಯಾಬಿನ ಸ್ಪ್ಯಾನ್ 4.5 ಮೀಟರ್‌ವರೆಗೆ ಇದ್ದರೆ 7 ದಿನ, ಅದಕ್ಕಿಂತ ಹೆಚ್ಚಿದ್ದರೆ 14 ದಿನ; ತೊಲೆಯಾದರೆ 6 ಮೀಟರ್‌ವರೆಗೆ 14 ದಿನ, ಹೆಚ್ಚಿದ್ದರೆ 21 ದಿನ. 4 ಮೀಟರ್ ಸ್ಲ್ಯಾಬಿಗೆ ಹೌದು ಎಂದೂ, 5 ಮೀಟರ್ ಸ್ಲ್ಯಾಬಿಗೆ ಇಲ್ಲ ಎಂದೂ ಉತ್ತರ ಬರುತ್ತದೆ. ಇಷ್ಟಕ್ಕೆ ಕಂಪ್ಯೂಟರೂ ಬೇಡ, ತಜ್ಞರೂ ಬೇಡ.

ಆದರೆ ಅದೇ ನಿಯಮದ ಅಂಚನ್ನು ನೋಡಿ. ಈ ದಿನಗಳ ಲೆಕ್ಕ ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ, ಉಷ್ಣತೆ 15 ಡಿಗ್ರಿಗಿಂತ ಕೆಳಗಿಳಿಯದ ಜಾಗಕ್ಕೆ. ಎರಡನೆಯ ಷರತ್ತು ಉತ್ತರ ಭಾರತದ ಚಳಿಗಾಲದಲ್ಲಿ ಮುಖ್ಯವಾದುದು. ನಮ್ಮ ಕರಾವಳಿಯಲ್ಲಿ ಅದು ಪ್ರಶ್ನೆಯೇ ಆಗುವುದಿಲ್ಲ. ಮೊದಲನೆಯದು ಮಾತ್ರ ಇಲ್ಲಿ ಪ್ರತಿದಿನದ ಪ್ರಶ್ನೆ, ಏಕೆಂದರೆ ನಮ್ಮ ಮನೆಗಳಿಗೆ ಬರುವ ಚೀಲಗಳಲ್ಲಿ ಹೆಚ್ಚಿನವು ಹಾರುಬೂದಿ ಬೆರೆಸಿದ ಪಿಪಿಸಿ ಎಂಬ ಸಿಮೆಂಟ್. ಅದಕ್ಕೆ ಎಷ್ಟು ದಿನ ಎಂಬುದನ್ನು ಕೋಡ್ ಸಂಖ್ಯೆಯಲ್ಲಿ ಹೇಳದೆ, ತಕ್ಕಂತೆ ಮಾರ್ಪಡಿಸಿಕೊಳ್ಳಿ ಎಂದು ಬಿಟ್ಟಿದೆ. ಹಾಗೆ ಬಿಟ್ಟ ಆ ಜಾಗದಲ್ಲಿಯೇ ತಜ್ಞನ ಕೆಲಸ ಆರಂಭವಾಗುತ್ತದೆ. ಕೋಡನ್ನು ಕಂಪ್ಯೂಟರಿಗೆ ತುಂಬಿಸಿ ತಜ್ಞ ವ್ಯವಸ್ಥೆ ಮಾಡಿದೆವು ಎನ್ನುವ ಪ್ರಾಜೆಕ್ಟ್ ವರದಿಗಳನ್ನು ನಾನು ಬಹಳ ಓದಿದ್ದೇನೆ. ಅವು ಕೋಡಿನ ಸೂಚಿಕೆಗಳು. ಕೋಡ್ ಎಲ್ಲಿ ಮಾತು ನಿಲ್ಲಿಸುತ್ತದೆಯೋ ಅಲ್ಲಿ ಮೇಸ್ತ್ರಿ ಮತ್ತು ಹಿರಿಯ ಎಂಜಿನಿಯರ್ ಏನು ಮಾಡುತ್ತಾರೆ ಎಂಬುದನ್ನು ಬರೆದಾಗ ಮಾತ್ರ ಆ ಹೆಸರು ಸಲ್ಲುತ್ತದೆ.

ಇನ್ನೊಂದು ಉದಾಹರಣೆ ಕೊಡುತ್ತೇನೆ, ಲೆಕ್ಕದ ಸಮೇತ. ಕಡಲ ಗಾಳಿಗೆ ತೆರೆದುಕೊಂಡ ಕಾಂಕ್ರೀಟನ್ನು ಐಎಸ್ 456 ತೀವ್ರ ಪರಿಸರ ಎಂದು ವರ್ಗೀಕರಿಸಿ, ಬಲದಲ್ಲಿ ಕನಿಷ್ಠ ಎಂ30 ದರ್ಜೆ, ಕಬ್ಬಿಣದ ಮೇಲೆ 45 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ (ಕವರ್), ಸಿಮೆಂಟಿನ ತೂಕದ 0.45 ಪಾಲಿಗಿಂತ ಹೆಚ್ಚಿಲ್ಲದ ನೀರು ಎಂದು ವಿಧಿಸುತ್ತದೆ. ಒಂದು ಘನ ಮೀಟರಿಗೆ 350 ಕಿಲೋ ಸಿಮೆಂಟ್ ಎಂದರೆ ನೀರು ಸುಮಾರು 157 ಲೀಟರ್. ಅದೇ ಮಿಶ್ರಣದಲ್ಲಿ 700 ಕಿಲೋ ಹೊಯ್ಗೆ (ಮರಳು) ಇದೆಯೆನ್ನಿ. ರಾತ್ರಿ ಮಳೆ ಬಂದು ಹೊಯ್ಗೆಯ ಮೇಲ್ಮೈಯಲ್ಲಿ ಶೇಕಡಾ 5ರಷ್ಟು ತೇವ ಸೇರಿದರೆ 35 ಲೀಟರ್ ನೀರು ಯಾರಿಗೂ ಹೇಳದೆ ಮಿಕ್ಸರಿನೊಳಗೆ ಬರುತ್ತದೆ. ಅಳತೆಯ ನೀರನ್ನು ಅಷ್ಟೇ ಕಡಿಮೆ ಮಾಡದಿದ್ದರೆ 0.45 ಹೋಗಿ 0.55 ಆಗುತ್ತದೆ, ಅಂದರೆ ಅತ್ಯಂತ ಸೌಮ್ಯ ಪರಿಸರಕ್ಕೆ ಮಾತ್ರ ಕೋಡ್ ಒಪ್ಪುವ ಮಟ್ಟಕ್ಕೆ ಮಲ್ಪೆಯ ಕಡಲಂಚಿನ ಕಟ್ಟಡ ಇಳಿಯುತ್ತದೆ. ಕಾಗದದಲ್ಲಿ ಮಾತ್ರ ಎಲ್ಲವೂ ಸರಿಯಾಗಿಯೇ ಇರುತ್ತದೆ. ಒಳ್ಳೆಯ ಮೇಸ್ತ್ರಿ ಹೊಯ್ಗೆಯನ್ನು ಮುಷ್ಟಿಯಲ್ಲಿ ಹಿಂಡಿ, ಉಂಡೆ ನಿಲ್ಲುತ್ತದೆಯೇ, ಅಂಗೈ ಒದ್ದೆಯಾಗುತ್ತದೆಯೇ ಎಂದು ನೋಡಿ ನೀರು ಕಡಿಮೆ ಮಾಡಿಸುತ್ತಾನೆ. ಆ ಮುಷ್ಟಿಯ ಪರೀಕ್ಷೆಯನ್ನು ತೂಕದ ಪರೀಕ್ಷೆಯೊಂದಿಗೆ ಹೋಲಿಸಿ ಎರಡು ವಾಕ್ಯಗಳ ನಿಯಮವಾಗಿ ಬರೆದಿಡಲು ಒಂದು ಬೆಳಗ್ಗೆ ಸಾಕು.

ಹೀಗೆ ಹೇಳಿದರೆ ಎಲ್ಲವೂ ಸುಲಭವೆಂದು ತೋರಬಹುದು. ಸುಲಭವಲ್ಲ ಎಂಬುದನ್ನು ನನಗೆ ಕಲಿಸಿದ ಒಂದು ಘಟನೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ನಮ್ಮ ನೆಲದ ರಚನೆ ನಿಮಗೆ ಗೊತ್ತು. ಮೇಲೆ ಕೆಂಪುಕಲ್ಲಿನ ಗಟ್ಟಿ ಪದರ, ಅದರ ಕೆಳಗೆ ಬಿಳಿ, ಹಳದಿ, ತಿಳಿಗುಲಾಬಿ ಬಣ್ಣದ ಶೇಡಿ ಮಣ್ಣು. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ತನ್ನ ಪ್ರವಾಸ ಗ್ರಂಥದಲ್ಲಿ ಮಲಬಾರಿನ ಇಂತಹುದೇ ಕಲ್ಲಿಗೆ, ಇಟ್ಟಿಗೆಯಂತೆ ಕಡಿಯಲು ಬರುವುದರಿಂದ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟನು. ಕಡಿಯುವಾಗ ಮೆದುವಾಗಿದ್ದು ಗಾಳಿಗೆ ಒಡ್ಡಿದಾಗ ಗಟ್ಟಿಯಾಗುವ ಅದರ ಗುಣವನ್ನೂ ಗುರುತಿಸಿದನು. ಆದರೆ ನಮ್ಮ ತಲೆನೋವು ಕಲ್ಲಲ್ಲ, ಅದರ ಕೆಳಗಿನ ಶೇಡಿ. ಒಣಗಿರುವಾಗ ಅದು ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ, ಗುದ್ದಲಿಗೂ ಬಗ್ಗುವುದಿಲ್ಲ. ನೀರು ತುಂಬಿಕೊಂಡಾಗ ತನ್ನ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುವ ಊರಿನಲ್ಲಿ ಇಂತಹ ಮಣ್ಣನ್ನು ಕಡಿದು ನಾವು ನೆಲಮಾಳಿಗೆ ಮಾಡುತ್ತೇವೆ.

ಬಹಳ ವರ್ಷಗಳ ಹಿಂದೆ ಮಂಗಳೂರಿನ ಒಂದು ಗುಡ್ಡದ ಬದಿಯಲ್ಲಿ ಸುಮಾರು ನಾಲ್ಕು ಮೀಟರ್ ಆಳಕ್ಕೆ ಮಣ್ಣು ತೆಗೆಸಿ ತಡೆಗೋಡೆಯ ಕೆಲಸ ಮಾಡಿಸುತ್ತಿದ್ದೆವು. 1.5 ಮೀಟರ್‌ಗಿಂತ ಆಳದ ಕಂದಕಕ್ಕೆ ಆಧಾರ ಕೊಡಬೇಕು ಎಂಬ ನಿಯಮ ಕಡತದಲ್ಲಿತ್ತು. ಧರೆ, ಅಂದರೆ ಕಡಿದ ಮಣ್ಣಿನ ಗೋಡೆ, ಗಟ್ಟಿಯಾಗಿ ನಿಂತಿದೆಯಲ್ಲ ಎಂಬ ಧೈರ್ಯ ಸೈಟಿನಲ್ಲಿತ್ತು. ಜೂನ್ ಮೊದಲ ವಾರ ಎರಡು ದಿನ ಮಳೆ ಸುರಿದು ಮೂರನೆಯ ದಿನ ಚೆನ್ನಾಗಿ ಬಿಸಿಲು ಬಂತು. ಬೆಳಗ್ಗೆ ಮೇಸ್ತ್ರಿ ನನ್ನ ಬಳಿ ಬಂದು, "ಸರ್, ಧರೆ ಬೆವರ್ತಾ ಉಂಟು, ಇವತ್ತು ಜನ ಇಳಿಸುವುದು ಬೇಡ" ಎಂದರು. ಮಳೆ ನಿಂತಿದೆ, ಬಿಸಿಲು ಬಂದಿದೆ, ಈಗ ಏನು ಭಯ ಎಂದು ನಾನು ಕೇಳಿದೆ. ಅವರಿಗೆ ವಿವರಿಸಲು ಆಗಲಿಲ್ಲ. ಆದರೂ ತಮ್ಮ ಜನರನ್ನು ಇಳಿಸಲಿಲ್ಲ. ಅಂದು ಮಧ್ಯಾಹ್ನ ಊಟದ ಹೊತ್ತಿಗೆ ಧರೆ ಕುಸಿದು, ಕಟ್ಟಿದ ಕಬ್ಬಿಣದ ಮೇಲೆ ಮಣ್ಣು ತುಂಬಿತು. ಕೆಳಗೆ ಯಾರೂ ಇರಲಿಲ್ಲ. ಇರಲಿಲ್ಲವೆಂಬುದಕ್ಕೆ ಕಾರಣ ನಾನಲ್ಲ, ನನ್ನ ವೇಳಾಪಟ್ಟಿಯಲ್ಲ, ಕಡತದಲ್ಲಿದ್ದ ನಿಯಮವೂ ಅಲ್ಲ.

ಆಮೇಲೆ ನಾನು ಅವರನ್ನು ಕೂರಿಸಿಕೊಂಡು, ಧರೆ ಬೆವರುವುದು ಎಂದರೇನು ಎಂದು ಕೇಳಿದೆ. "ನೋಡಿದ್ರೆ ಗೊತ್ತಾಗ್ತದೆ ಸರ್" ಎಂದರು. ತಜ್ಞ ವ್ಯವಸ್ಥೆಗಳನ್ನು ಕಟ್ಟಿದವರೆಲ್ಲರೂ ಎದುರಿಸಿದ ಕಷ್ಟ ಇದೇ. ಬಲ್ಲವನು ತನ್ನ ತಿಳಿವಳಿಕೆಯನ್ನು ನಿಯಮವಾಗಿ ಇಟ್ಟುಕೊಂಡಿರುವುದಿಲ್ಲ, ಆದ್ದರಿಂದ ನಿಮ್ಮ ನಿಯಮಗಳೇನು ಎಂದು ಕೇಳಿದರೆ ಅವನಲ್ಲಿ ಉತ್ತರವಿರುವುದಿಲ್ಲ. ನಾನು ಪ್ರಶ್ನೆಯನ್ನು ಬದಲಿಸಿದೆ. ನೀವು ಕಂಡ ಕುಸಿತಗಳನ್ನು ಒಂದೊಂದಾಗಿ ಹೇಳಿ ಎಂದೆ. ಹಿಂದಿನ ದಿನ ಏನಿತ್ತು, ಬೆಳಗ್ಗೆ ಏನಿತ್ತು ಎಂದು ಕೇಳಿದೆ. ಅನಂತರ, ಅದೇ ಧರೆಯಲ್ಲಿ ಮೇಲಿನ ಬಿರುಕು ಇಲ್ಲದಿದ್ದರೆ ಜನ ಇಳಿಸುತ್ತಿದ್ದಿರಾ ಎಂದು ಒಂದೊಂದೇ ಲಕ್ಷಣವನ್ನು ತೆಗೆದುಹಾಕಿ ಕೇಳುತ್ತ ಹೋದೆ. ಮೂರು ಸಂಜೆಗಳಾದ ಮೇಲೆ ಬೆವರು ಎಂಬ ಒಂದು ಪದದೊಳಗಿಂದ ಐದು ಸಂಗತಿಗಳು ಹೊರಬಂದವು. ಕಲ್ಲು ಮತ್ತು ಶೇಡಿ ಸೇರುವ ಗೆರೆಯಲ್ಲಿ ತೇವದ ಪಟ್ಟಿ ಕಾಣಿಸುವುದು. ಬಿಳಿ ಶೇಡಿಯ ಬಣ್ಣ ತಟ್ಟೆಯಷ್ಟಗಲದ ಕಲೆಗಳಾಗಿ ಗಾಢವಾಗುವುದು. ಯಾರೂ ಮುಟ್ಟದಿದ್ದರೂ ಸಣ್ಣ ಹರಳುಗಳು ಉದುರುತ್ತಿರುವುದು. ಧರೆಯ ಮೇಲೆ ಹುಲ್ಲಿನ ನಡುವೆ ಅಂಚಿಗೆ ಸಮಾಂತರವಾದ ಬಿರುಕು. ಐದನೆಯದು, ಒಸರುವ ನೀರು ತಿಳಿಯಾಗಿರದೆ ಹಾಲಿನಂತೆ ಬೆಳ್ಳಗಿರುವುದು, ಅಂದರೆ ಒಳಗಿನ ಮಣ್ಣನ್ನು ಅದು ಹೊತ್ತು ತರುತ್ತಿದೆ. ಬಿಸಿಲಿನ ದಿನವೇ ಭಯ ಏಕೆಂಬುದಕ್ಕೂ ಉತ್ತರ ಸಿಕ್ಕಿತು. ಗುಡ್ಡದ ಮೇಲೆ ಬಿದ್ದ ನೀರು ಕಲ್ಲಿನ ರಂಧ್ರಗಳಲ್ಲಿ ಇಳಿದು ಶೇಡಿಯನ್ನು ತಲುಪಲು ಹೊತ್ತು ಹಿಡಿಯುತ್ತದೆ. ಆಕಾಶ ತಿಳಿಯಾದ ಹೊತ್ತಿಗೆ ಮಣ್ಣಿನೊಳಗೆ ಮಳೆಗಾಲ ಇನ್ನೂ ನಡೆದಿರುತ್ತದೆ.

ಈ ಐದನ್ನು ನಿಯಮವಾಗಿಸುವಾಗ ಒಂದು ತಾಂತ್ರಿಕ ಪ್ರಶ್ನೆ ಏಳುತ್ತದೆ. ಒಂದು ಲಕ್ಷಣ ಕಂಡರೆ ಎಷ್ಟು ನಂಬಬೇಕು, ಎರಡು ಕಂಡರೆ ಎಷ್ಟು? ಮೈಸಿನ್ ಇದಕ್ಕೆ ಒಂದು ವಿಧಾನ ಬಳಸಿತು. ಪ್ರತಿ ನಿಯಮಕ್ಕೂ ನಂಬಿಕೆಯ ಒಂದು ಅಂಕ. ಎರಡು ನಿಯಮಗಳು ಒಂದೇ ಕಡೆಗೆ ಬೆರಳು ತೋರಿದರೆ, ಮೊದಲನೆಯದು ಉಳಿಸಿದ ಸಂಶಯದಲ್ಲಿ ಎರಡನೆಯದು ತನ್ನ ಪಾಲನ್ನು ಕಳೆಯುತ್ತದೆ. ತೇವದ ಪಟ್ಟಿಗೆ 0.4, ಬಿರುಕಿಗೆ 0.6 ಎಂದು ಇಟ್ಟುಕೊಂಡರೆ ಎರಡೂ ಸೇರಿ 0.4 ಕೂಡಿಸು 0.6ರ 0.6 ಪಾಲು, ಅಂದರೆ 0.76. ಲೆಕ್ಕ ಸೊಗಸಾಗಿದೆ. ಯಾವ ಕೆಲಸ ತಡವಾದೀತು, ಯಾವ ಗುತ್ತಿಗೆದಾರರನ್ನು ಆರಿಸಬೇಕು, ಸ್ಲ್ಯಾಬಿನ ಬಿರುಕಿಗೆ ಕಾರಣ ಯಾವುದಿದ್ದೀತು ಎಂಬಂತಹ ವಿಷಯಗಳಿಗೆ ಇದನ್ನು ನಾನು ಒಪ್ಪುತ್ತೇನೆ. ಆದರೆ ಮನುಷ್ಯರು ಕೆಳಗೆ ಇಳಿಯುವ ವಿಷಯದಲ್ಲಿ ಒಪ್ಪುವುದಿಲ್ಲ. ಹಾಲು ಬಣ್ಣದ ನೀರು ಬಂದರೆ ಉಳಿದ ನಾಲ್ಕು ಲಕ್ಷಣಗಳು ಏನೇ ಹೇಳಲಿ, ಯಾವ ಅಂಕವನ್ನೂ ಕೂಡಿಸದೆ ಕೆಲಸ ನಿಲ್ಲಬೇಕು. ಇಂತಹ ತಡೆಯ ನಿಯಮಗಳನ್ನು ಬೇರೆಯಾಗಿಯೇ ಬರೆದು, ಲೆಕ್ಕದ ನಿಯಮಗಳಿಗಿಂತ ಮೊದಲು ಪರೀಕ್ಷಿಸುವಂತೆ ಇಡಬೇಕು. ಇದರಲ್ಲಿ ರಾಜಿ ಇಲ್ಲವೆಂದು ನಾನು ವಿದ್ಯಾರ್ಥಿಗಳಿಗೆ ಒತ್ತಿ ಹೇಳುತ್ತೇನೆ.

ಮೈಸಿನ್‌ನಿಂದ ನಾವು ಪಡೆಯಬೇಕಾದ ನಿಜವಾದ ಆಸ್ತಿ ಬೇರೊಂದಿದೆ. ಮೈಸಿನ್ ಪ್ರಶ್ನೆ ಕೇಳಿದಾಗ, ಇದನ್ನು ಏಕೆ ಕೇಳುತ್ತಿದ್ದೀ ಎಂದು ವೈದ್ಯರು ತಿರುಗಿ ಕೇಳಬಹುದಿತ್ತು. ಉತ್ತರ ಕೊಟ್ಟಾಗ, ಈ ತೀರ್ಮಾನಕ್ಕೆ ಹೇಗೆ ಬಂದೆ ಎಂದು ಕೇಳಬಹುದಿತ್ತು. ತಾನು ಬಳಸಿದ ನಿಯಮವನ್ನು ಅದು ತೆಗೆದು ತೋರಿಸುತ್ತಿತ್ತು. ಚಾಟ್‌ಜಿಪಿಟಿಯಂತಹ ಈಗಿನ ಭಾಷಾ ಮಾದರಿಗಳನ್ನು ಫೋನಿನಲ್ಲಿ ಎಲ್ಲರೂ ಬಳಸುತ್ತೀರಿ, ನಾನೂ ಬಳಸುತ್ತೇನೆ. ಪತ್ರ ಬರೆಯಲು, ಕೋಡಿನ ಒಂದು ಅಂಶವನ್ನು ಹುಡುಕಲು ಅವು ಒಳ್ಳೆಯ ಸಹಾಯಕರು. ಆದರೆ ಕಂಬ ತೆಗೆಯಬಹುದು ಎಂಬ ಉತ್ತರದ ಹಿಂದೆ ಇಂತಹ ನಿಯಮ, ಅದನ್ನು ಹೇಳಿದವರು ಇಂತಹವರು, ಅದರ ಮಿತಿ ಇದು ಎಂದು ಖಚಿತವಾಗಿ ಬೆರಳಿಟ್ಟು ತೋರಿಸುವ ಹೊಣೆಯನ್ನು ನಾನು ಅವುಗಳಿಗೆ ಒಪ್ಪಿಸಲಾರೆ. ಸೈಟಿನಲ್ಲಿ ಕಿರಿಯ ಎಂಜಿನಿಯರ್ ಕಲಿಯುವುದು ಉತ್ತರದಿಂದಲ್ಲ, ಏಕೆ ಎಂಬುದರಿಂದ.

ಹಾಗಾದರೆ ಇಷ್ಟು ಒಳ್ಳೆಯ ವಿದ್ಯೆ ಹಿಂದೆ ಸರಿದದ್ದು ಏಕೆ ಎಂದು ನೀವು ಕೇಳಬಹುದು. ಮುಖ್ಯ ಕಾರಣ ಪಾಲನೆ. ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿ 1980ರಿಂದ ತನ್ನ ಕಂಪ್ಯೂಟರುಗಳ ಭಾಗಗಳನ್ನು ಹೊಂದಿಸಲು ಎಕ್ಸ್‌ಕಾನ್ ಎಂಬ ತಜ್ಞ ವ್ಯವಸ್ಥೆಯನ್ನು ಬಳಸಿ ಬಹಳ ಹಣ ಉಳಿಸಿತು; ಆದರೆ ನಿಯಮಗಳು ಸಾವಿರಗಟ್ಟಲೆಯಾದವು, ಹೊಸ ಯಂತ್ರ ಬಂದಾಗಲೆಲ್ಲ ಅವನ್ನು ತಿದ್ದಬೇಕಾಯಿತು, ಒಂದನ್ನು ತಿದ್ದಿದರೆ ಇನ್ನೊಂದು ಕಡೆ ತಪ್ಪುತ್ತಿತ್ತು. ನಮ್ಮಲ್ಲಿಯೂ ಹಾಗೆಯೇ. ನದಿಯ ಹೊಯ್ಗೆಗೆಂದು ಬರೆದ ನಿಯಮ, ಕಲ್ಲು ಪುಡಿಮಾಡಿದ ಎಂ ಸ್ಯಾಂಡ್ ಬಂದ ದಿನ ಹಳತಾಗುತ್ತದೆ. ಅದರ ನಯವಾದ ಪುಡಿಯ ಪಾಲು, ಹರಳಿನ ಮೂಲೆಗಳು ಬೇರೆ, ನೀರಿನ ಬೇಡಿಕೆ ಬೇರೆ. ಆದ್ದರಿಂದ ಪ್ರತಿ ನಿಯಮದ ಜೊತೆಗೆ ಅದನ್ನು ಯಾರು ಹೇಳಿದರು, ಯಾವ ವರ್ಷ, ಯಾವ ಕಾರಣದಿಂದ, ಯಾವ ಸಾಮಗ್ರಿಗೆ ಎಂಬ ನಾಲ್ಕನ್ನೂ ಬರೆಯಬೇಕು. ಕಾರಣ ಬರೆದಿದ್ದರೆ ಮಾತ್ರ, ಕಾರಣ ಇಲ್ಲವಾದ ದಿನ ನಿಯಮವನ್ನು ತೆಗೆದುಹಾಕಲು ಮುಂದಿನವರಿಗೆ ಧೈರ್ಯ ಬರುತ್ತದೆ.

ಯಾರು ಹೇಳಿದರು ಎಂಬುದನ್ನು ಬರೆಯಬೇಕೆನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಈ ಜ್ಞಾನ ಒಬ್ಬರ ದುಡಿಮೆಯಿಂದ ಬಂದದ್ದು. ಅದನ್ನು ಕೇಳಿ ಬರೆದುಕೊಂಡು ತನ್ನ ಹೆಸರಿನಲ್ಲಿ ಪ್ರಬಂಧ ಮಂಡಿಸುವುದು ಅನ್ಯಾಯ. ಇಂದು ನಮ್ಮ ಸೈಟುಗಳಲ್ಲಿ ಬಿಹಾರ, ಬಂಗಾಳ, ಒಡಿಶಾದಿಂದ ಬಂದವರು ದುಡಿಯುತ್ತಿದ್ದಾರೆ. ಶೇಡಿ ಮಣ್ಣನ್ನು ಅವರು ಮೊದಲ ಬಾರಿಗೆ ನೋಡುತ್ತಿರುವುದು ಇಲ್ಲಿಯೇ. ಧರೆಯ ಲಕ್ಷಣಗಳನ್ನು ತುಳುವಿನಲ್ಲಿ ಬಲ್ಲ ಹಿರಿಯ ಮೇಸ್ತ್ರಿಗಳು ಒಬ್ಬೊಬ್ಬರಾಗಿ ಕೆಲಸ ಬಿಡುತ್ತಿದ್ದಾರೆ. ಈ ಮೇಸ್ತ್ರಿಗಳು ಆ ಕೆಲಸಗಾರರಿಗೆ ಹೇಳುವಂತಾಗಲು ನಡುವೆ ಒಂದು ಬರಹ ಬೇಕು, ಆ ಬರಹ ಕನ್ನಡದಲ್ಲಿಯೂ ಹಿಂದಿಯಲ್ಲಿಯೂ ಸೈಟಿನ ಫಲಕದ ಮೇಲೆ ಇರಬೇಕು.

ಎಲ್ಲಿಂದ ಆರಂಭಿಸಬೇಕೆಂದು ವಿದ್ಯಾರ್ಥಿಗಳು ಕೇಳಿದ್ದೀರಿ. ದೊಡ್ಡ ಸಾಫ್ಟ್‌ವೇರಿನಿಂದ ಬೇಡ. ಒಂದೇ ಒಂದು ತೀರ್ಮಾನವನ್ನು ಆರಿಸಿಕೊಳ್ಳಿ: ಇಂದು ಸ್ಲ್ಯಾಬ್ ಹಾಕಬಹುದೇ, ಅಥವಾ ಇಂದು ಕಂದಕಕ್ಕೆ ಇಳಿಯಬಹುದೇ. ಇಪ್ಪತ್ತು ನಿಯಮಗಳೊಳಗೆ ಅದನ್ನು ಬರೆಯಿರಿ. ಒಂದು ಸ್ಪ್ರೆಡ್‌ಶೀಟ್ ಸಾಕು. ಒಂದು ಮಳೆಗಾಲವಿಡೀ ಪ್ರತಿ ಬೆಳಗ್ಗೆ ನಿಮ್ಮ ವ್ಯವಸ್ಥೆಯ ಉತ್ತರವನ್ನು ಬರೆದಿಟ್ಟು, ಅದನ್ನು ತೋರಿಸದೆ ಮೇಸ್ತ್ರಿಯ ಉತ್ತರವನ್ನು ಕೇಳಿ, ಎರಡನ್ನೂ ಹೋಲಿಸಿ. ಎರಡೂ ಒಂದೇ ಆದ ದಿನಗಳಿಂದ ನಿಮಗೆ ಹೆಚ್ಚೇನೂ ಸಿಗುವುದಿಲ್ಲ. ಬೇರೆಯಾದ ದಿನ ಸಂಜೆ ಅವರ ಜೊತೆ ಚಹಾಕ್ಕೆ ಕುಳಿತು, ನೀವು ಕಂಡದ್ದು ಏನು ಎಂದು ಕೇಳಿ. ನನ್ನ ಪಟ್ಟಿಗೆ ಹಾಲು ಬಣ್ಣದ ನೀರು ಸೇರಿದ್ದು ಅಂತಹ ಮೂರನೆಯ ಸಂಜೆ, ಪುಸ್ತಕ ಮುಚ್ಚಿ ಏಳುವ ಹೊತ್ತಿಗೆ ಅವರು ನೆನಪಿಸಿಕೊಂಡು ಹೇಳಿದಾಗ.